ನಲವತ್ತೆಂಟು ಗಂಟೆಗಳ ಔಷಧ: ಗರ್ಭಕೋಶದ ಸ್ನಾಯು ಸಡಿಲಗೊಳ್ಳುವ ಬಗೆ

(ತುಮಕೂರಿನಲ್ಲಿ ನರ್ಸಿಂಗ್ ಹಾಗೂ ಫಾರ್ಮಸಿ ವಿದ್ಯಾರ್ಥಿಗಳು ಮತ್ತು ಆರೋಗ್ಯ ಕೇಂದ್ರಗಳ ಶುಶ್ರೂಷಕಿಯರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಪೂರ್ಣ ಅರಿವಳಿಕೆಯಲ್ಲಿ ನಡೆಯುವ ಸಿಸೇರಿಯನ್ ಶಸ್ತ್ರಚಿಕಿತ್ಸೆಯನ್ನು ನಿಮ್ಮಲ್ಲಿ ಕೆಲವರು ಥಿಯೇಟರಿನಲ್ಲಿ ನಿಂತು ನೋಡಿರುತ್ತೀರಿ. ಅರಿವಳಿಕೆ ತಜ್ಞರು ಅಟ್ರಾಕ್ಯೂರಿಯಂನಂಥ ಚುಚ್ಚುಮದ್ದನ್ನು ಕೊಟ್ಟ ಎರಡು ಮೂರು ನಿಮಿಷಗಳಲ್ಲಿ ತಾಯಿಯ ಕೈಕಾಲು, ಹೊಟ್ಟೆಯ ಗೋಡೆ, ಕೊನೆಗೆ ಉಸಿರಾಟದ ಸ್ನಾಯುಗಳೂ ನಿಶ್ಚಲವಾಗುತ್ತವೆ. ಅಲ್ಲಿಂದ ಮುಂದೆ ಉಸಿರಾಡಿಸುವ ಹೊಣೆ ಯಂತ್ರದ್ದು. ಆದರೆ ಮಗುವನ್ನು ಹೊರತೆಗೆದು, ಸಂಕೋಚನ ತರಿಸುವ ಹಾರ್ಮೋನಾದ ಆಕ್ಸಿಟೋಸಿನ್ ಕೊಟ್ಟೊಡನೆ ಗರ್ಭಕೋಶ ಮಾತ್ರ ಏನೂ ಆಗಿಲ್ಲವೆಂಬಂತೆ ಮುದುಡಿ ಗಟ್ಟಿಯಾಗುತ್ತದೆ. ದೇಹ ಒಂದೇ, ರಕ್ತ ಒಂದೇ, ಅದರಲ್ಲಿ ಹರಿಯುತ್ತಿರುವ ಔಷಧವೂ ಒಂದೇ. ಒಂದು ಸ್ನಾಯು ಸೋತು ಬಿದ್ದಿದೆ, ಇನ್ನೊಂದಕ್ಕೆ ಅದರ ಗೊಡವೆಯೇ ಇಲ್ಲ. ಇದು ಏಕೆ ಎಂದು ತಿಳಿದುಕೊಂಡರೆ, ದಿನ ತುಂಬುವ ಮೊದಲೇ ಬರುವ ಹೆರಿಗೆಯನ್ನು ಸುಮಾರು 48 ಗಂಟೆ ತಡೆಹಿಡಿಯಲು ಕೊಡುವ, ಗರ್ಭಕೋಶವನ್ನು ಸಡಿಲಿಸುವ ಔಷಧಗಳ ಅರ್ಧ ಪಾಠ ಮುಗಿದಂತೆ.

ಅಟ್ರಾಕ್ಯೂರಿಯಂ ತಡೆಯುವುದು ನರದ ತುದಿ ಮತ್ತು ಸ್ನಾಯು ಸೇರುವ ಜಾಗದಲ್ಲಿ ನರದ ಸಂದೇಶವನ್ನು ಸ್ವೀಕರಿಸುವ ಅಸಿಟೈಲ್‌ಕೋಲಿನ್ ಗ್ರಾಹಕವನ್ನು. ಕೈಕಾಲಿನ ಸ್ನಾಯು ನರದ ಅಪ್ಪಣೆಯಿಲ್ಲದೆ ಅಲುಗುವುದಿಲ್ಲವಾದ್ದರಿಂದ ಆ ಒಂದು ಜಾಗವನ್ನು ಮುಚ್ಚಿದರೆ ಸಾಕು. ಗರ್ಭಕೋಶ ನಯಸ್ನಾಯುವಿನ, ಅಂದರೆ ನಮ್ಮ ಇಚ್ಛೆಗೆ ಒಳಪಡದ ಸ್ನಾಯುವಿನ ಅಂಗ. ಅದಕ್ಕೆ ನರಗಳ ಸಂಪರ್ಕವಿದ್ದರೂ ಸಂಕೋಚನ ಹುಟ್ಟುವುದು ಸ್ನಾಯುವಿನೊಳಗೇ. ಬೆನ್ನುಹುರಿಗೆ ಪೆಟ್ಟು ಬಿದ್ದು ಸೊಂಟದ ಕೆಳಗೆ ಸ್ವಾಧೀನ ತಪ್ಪಿರುವ ಹೆಂಗಸಿಗೂ ಹೆರಿಗೆಯ ಸಂಕೋಚನಗಳು ಬರುತ್ತವೆ. ಬೇನೆ ಅವಳ ಅರಿವಿಗೆ ಬಾರದೆ ಇರಬಹುದು, ಅಷ್ಟೆ. ಬೆನ್ನು ಹಿಡಿದುಕೊಂಡಾಗ ಮೆಡಿಕಲ್ ಸ್ಟೋರಿನಿಂದ ತಂದು ನುಂಗುವ ಸ್ನಾಯು ಸಡಿಲಿಕೆಯ ಮಾತ್ರೆಯನ್ನು ಹೊಟ್ಟೆ ಬಿಗಿಯುತ್ತಿದೆ ಎಂದು ಗರ್ಭಿಣಿಗೆ ಕೊಟ್ಟರೆ ಏನೂ ಪ್ರಯೋಜನವಾಗದಿರುವುದೂ ಇದಕ್ಕೇ. ಆ ಮಾತ್ರೆ ಕೆಲಸ ಮಾಡುವುದು ಮಿದುಳು ಬೆನ್ನುಹುರಿಗಳಲ್ಲಿ.

ನಾವು ವಿದ್ಯಾರ್ಥಿಗಳಾಗಿದ್ದಾಗ ಇದನ್ನು ಕಣ್ಣಾರೆ ನೋಡುವ ಅವಕಾಶವಿತ್ತು. ಈಗ ಪದವಿ ತರಗತಿಗಳಲ್ಲಿ ಪ್ರಾಣಿಗಳ ಮೇಲಿನ ಪ್ರಯೋಗ ಬಹುಮಟ್ಟಿಗೆ ನಿಂತು ಅದರ ಜಾಗಕ್ಕೆ ಕಂಪ್ಯೂಟರಿನ ಪರದೆ ಬಂದಿದೆ, ಅದು ಸರಿಯೂ ಹೌದು. ಆದರೆ ಪ್ರಯೋಗವನ್ನು ನಿಮ್ಮ ಕಣ್ಣಿಗೆ ಕಟ್ಟುವಂತೆ ಹೇಳದೆ ಮುಂದೆ ಹೋಗುವಂತಿಲ್ಲ. ಇಲಿಯ ಗರ್ಭಕೋಶದ ಒಂದು ಕವಲನ್ನು ಬಿಡಿಸಿ, ಅದರ ಎರಡು ತುದಿಗೂ ದಾರ ಕಟ್ಟಿ, ಒಂದು ತುದಿಯನ್ನು ಬೆಚ್ಚಗಿನ ಲವಣದ್ರಾವಣ ತುಂಬಿದ ಗಾಜಿನ ಕೊಳವೆಯ ತಳಕ್ಕೂ ಇನ್ನೊಂದನ್ನು ಮೇಲಿನ ಸನ್ನೆಗೋಲಿಗೂ ಬಿಗಿಯುತ್ತಿದ್ದರು. ಸನ್ನೆಗೋಲಿನ ಮೊನೆ ನಿಧಾನವಾಗಿ ಸುತ್ತುವ ಡ್ರಮ್ಮಿನ ಮಸಿ ಹಿಡಿಸಿದ ಕಾಗದಕ್ಕೆ ತಾಗಿರುತ್ತಿತ್ತು. ದೇಹವಿಲ್ಲ, ನರವಿಲ್ಲ, ರಕ್ತವಿಲ್ಲ. ಆದರೂ ಆ ತುಂಡು ಸ್ನಾಯು ತನ್ನಷ್ಟಕ್ಕೆ ಮುದುಡುತ್ತಾ ಬಿಚ್ಚಿಕೊಳ್ಳುತ್ತಾ ಮಸಿಯ ಮೇಲೆ ಬಿಳಿಯ ಅಲೆಗಳನ್ನು ಬರೆಯುತ್ತಿತ್ತು. ಪರೀಕ್ಷೆಗೆ ಕೊಟ್ಟ ಔಷಧದ ಪರಿಣಾಮವನ್ನು ಈ ಅಲೆಗಳು ಕೆಡಿಸುತ್ತವೆಂದು ಡಿ ಜಲಾನ್ ದ್ರಾವಣವೆಂಬುದನ್ನು ಬಳಸುವ ರೂಢಿ ಬಂದಿತು. ಅದರ ಗುಟ್ಟು ಇಷ್ಟೆ: ಅದರಲ್ಲಿ ಕ್ಯಾಲ್ಸಿಯಂ ತೀರ ಕಡಿಮೆ. ಕ್ಯಾಲ್ಸಿಯಂ ಕಡಿಮೆಯಾದರೆ ಗರ್ಭಕೋಶ ತಾನಾಗಿ ಮುದುಡುವುದನ್ನು ಬಿಡುತ್ತದೆ. ದ್ರಾವಣದಲ್ಲಿ ಕ್ಯಾಲ್ಸಿಯಮ್ಮನ್ನು ಪೂರ್ತಿ ಇಲ್ಲದಂತೆ ಮಾಡಿ ಆಕ್ಸಿಟೋಸಿನ್ ಹಾಕಿದರೆ ಒಂದು ಸಣ್ಣ ಅಲೆ ಬಂದು ಅಲ್ಲಿಗೇ ನಿಲ್ಲುತ್ತದೆ. ಆ ಸಣ್ಣ ಅಲೆ ಎಲ್ಲಿಂದ ಬಂದಿತು ಎಂಬುದಕ್ಕೆ ಆಮೇಲೆ ಬರುತ್ತೇನೆ.

ಗರ್ಭಕೋಶದ ಸ್ನಾಯುಕೋಶದ ಹೊರಗಿರುವ ಕ್ಯಾಲ್ಸಿಯಂ ಅಯಾನುಗಳ ಸಾಂದ್ರತೆ ವಿಶ್ರಾಂತಿಯಲ್ಲಿರುವ ಕೋಶದ ಒಳಗಿರುವುದಕ್ಕಿಂತ ಸುಮಾರು 10,000 ಪಟ್ಟು ಹೆಚ್ಚು. ಈ ಜಿಲ್ಲೆಯವರಿಗೆ ಇದನ್ನು ವಿವರಿಸುವುದು ಸುಲಭ: ಕೋಡಿ ಬೀಳುವಷ್ಟು ತುಂಬಿದ ಕೆರೆ ಏರಿಯ ಒಂದು ಬದಿಗಿದೆ, ಇನ್ನೊಂದು ಬದಿಗೆ ಒಣಗಿದ ಗದ್ದೆ, ನಡುವೆ ತೂಬು. ತೂಬಿನ ಜಾಗದಲ್ಲಿರುವುದು ಕೋಶಪೊರೆಯ ಎಲ್ ಬಗೆಯ ಕ್ಯಾಲ್ಸಿಯಂ ನಾಳ. ಪೊರೆಯ ವಿದ್ಯುತ್ ಒತ್ತಡ ಬದಲಾದಾಗ ಈ ನಾಳ ತೆರೆದುಕೊಂಡು, ಕ್ಯಾಲ್ಸಿಯಂ ತನ್ನ ರಭಸದಿಂದಲೇ ಒಳಗೆ ನುಗ್ಗುತ್ತದೆ. ಒಳಗೆ ಬಂದ ಕ್ಯಾಲ್ಸಿಯಂ ಕಾಲ್ಮೊಡ್ಯುಲಿನ್ ಎಂಬ ಪ್ರೋಟೀನಿಗೆ, ಒಂದಕ್ಕೆ ನಾಲ್ಕು ಅಯಾನುಗಳಂತೆ, ಅಂಟಿಕೊಳ್ಳುತ್ತದೆ. ಹೀಗೆ ಸಿದ್ಧವಾದ ಕಾಲ್ಮೊಡ್ಯುಲಿನ್ ಮಯೋಸಿನ್ ಲೈಟ್ ಚೈನ್ ಕೈನೇಸ್ ಎಂಬ ಕಿಣ್ವವನ್ನು ಎಬ್ಬಿಸುತ್ತದೆ. ಆ ಕಿಣ್ವ ಸ್ನಾಯುವಿನ ಎಳೆಯಾದ ಮಯೋಸಿನ್ನಿನ ಮೇಲೆ ಒಂದು ಫಾಸ್ಫೇಟ್ ಕೂರಿಸುತ್ತದೆ. ಫಾಸ್ಫೇಟ್ ಕೂತ ಮೇಲಷ್ಟೇ ಮಯೋಸಿನ್ ಪಕ್ಕದ ಎಳೆಯಾದ ಆಕ್ಟಿನ್ನನ್ನು ಹಿಡಿದು ಎಳೆಯಬಲ್ಲದು. ಕೈಕಾಲಿನ ಸ್ನಾಯುವಿನಲ್ಲಿ ಕ್ಯಾಲ್ಸಿಯಮ್ಮಿಗೆ ಕಾದು ಕುಳಿತಿರುವ ಟ್ರೋಪೊನಿನ್ ಇಲ್ಲಿ ಇಲ್ಲ. ಹೀಗೆ ಹಲವು ಕೈ ದಾಟಿ ಬರುವುದರಿಂದಲೇ ಗರ್ಭಕೋಶದ ಬಿಗಿತ ಸಾವಕಾಶವಾಗಿ ಏರಿ, ಸುಮಾರು ಒಂದು ನಿಮಿಷ ನಿಂತು, ಸಾವಕಾಶವಾಗಿ ಇಳಿಯುತ್ತದೆ. ಹೊಟ್ಟೆಯ ಮೇಲೆ ಅಂಗೈಯಿಟ್ಟು ಗಡಿಯಾರ ನೋಡುತ್ತಾ ಹತ್ತು ನಿಮಿಷಕ್ಕೆ ಎಷ್ಟು ಸಂಕೋಚನ ಎಂದು ನೀವು ಎಣಿಸುವಾಗ ನಿಮ್ಮ ಕೈಗೆ ಸಿಗುವುದು ಈ ಏರಿಳಿತವೇ.

ಇಳಿಯುವುದೂ ತಾನಾಗಿ ಆಗುವ ಕೆಲಸವಲ್ಲ ಎಂಬುದನ್ನು ಒತ್ತಿ ಹೇಳಬೇಕು. ಒಳಗೆ ಬಂದ ಕ್ಯಾಲ್ಸಿಯಮ್ಮನ್ನು ಶಕ್ತಿ ವ್ಯಯಿಸಿ ಹೊರಗೆ ಹಾಕಬೇಕು, ಇಲ್ಲವೇ ಕೋಶದೊಳಗಿನ ಉಗ್ರಾಣಕ್ಕೆ ತುಂಬಬೇಕು. ಮಯೋಸಿನ್ನಿನ ಮೇಲೆ ಕೂತ ಫಾಸ್ಫೇಟನ್ನು ಫಾಸ್ಫಟೇಸ್ ಎಂಬ ಇನ್ನೊಂದು ಕಿಣ್ವ ಕಿತ್ತುಹಾಕಬೇಕು. ಈ ಸಡಿಲಿಕೆ ಮಗುವಿಗೆ ಎಷ್ಟು ಮುಖ್ಯವೆಂದರೆ, ಸಂಕೋಚನ ಬಲವಾದಾಗ ಗರ್ಭಕೋಶದ ಗೋಡೆಯೊಳಗಿನ ರಕ್ತನಾಳಗಳು ಅಮುಕಿಹೋಗಿ ಮಾಸುವಿನ ಕಡೆಗೆ ಹೋಗುವ ರಕ್ತ ಬಹಳ ಮಟ್ಟಿಗೆ ತಗ್ಗುತ್ತದೆ. ಎರಡು ಸಂಕೋಚನಗಳ ನಡುವಿನ ಬಿಡುವಿನಲ್ಲಿಯೇ ಮಗುವಿಗೆ ಆಮ್ಲಜನಕ ಸಿಗಬೇಕು. ಆಕ್ಸಿಟೋಸಿನ್ ಡ್ರಿಪ್ ಅತಿಯಾಗಿ ಬಿಡುವೇ ಇಲ್ಲದಂತಾದಾಗ ಮೊದಲು ಡ್ರಿಪ್ ನಿಲ್ಲಿಸಿರಿ ಎಂದು ನಿಮಗೆ ಕಲಿಸಿರುವುದು ಈ ಕಾರಣದಿಂದ.

ಇನ್ನು ಆಕ್ಸಿಟೋಸಿನ್. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಹಿಂಭಾಗದ ಸಾರ ಗರ್ಭಕೋಶವನ್ನು ಮುದುಡಿಸುತ್ತದೆ ಎಂಬುದನ್ನು ಹೆನ್ರಿ ಡೇಲ್ 1906ರಲ್ಲಿ ಗುರುತಿಸಿದರು. ಒಂಬತ್ತು ಅಮೈನೊ ಆಮ್ಲಗಳ ಈ ಪುಟ್ಟ ಹಾರ್ಮೋನನ್ನು ವಿನ್ಸೆಂಟ್ ಡು ವಿಗ್ನೋ 1953ರಲ್ಲಿ ಪ್ರಯೋಗಾಲಯದಲ್ಲಿ ಕಟ್ಟಿ, 1955ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಡೆದರು. ಆಕ್ಸಿಟೋಸಿನ್ ತನ್ನ ಗ್ರಾಹಕಕ್ಕೆ ಕೂತಾಗ ಕೋಶದೊಳಗಿನ ಉಗ್ರಾಣದಿಂದ ಕ್ಯಾಲ್ಸಿಯಂ ಬಿಡುಗಡೆಯಾಗುತ್ತದೆ. ಕ್ಯಾಲ್ಸಿಯಂ ಇಲ್ಲದ ದ್ರಾವಣದಲ್ಲಿ ಕಂಡ ಆ ಸಣ್ಣ ಅಲೆ ಈ ಉಗ್ರಾಣದ್ದು. ಅದು ಬೇಗ ಬರಿದಾಗುತ್ತದೆ. ಹೊರಗಿನ ಕ್ಯಾಲ್ಸಿಯಂ ಬಾರದೆ ಹೆರಿಗೆ ಮಾಡಿಸುವಷ್ಟು ಬಲ ಹುಟ್ಟುವುದಿಲ್ಲ. ಅದರ ಜೊತೆಗೆ ಆಕ್ಸಿಟೋಸಿನ್ ಫಾಸ್ಫಟೇಸ್ ಕಿಣ್ವವನ್ನೂ ಹಿಡಿದು ನಿಲ್ಲಿಸುತ್ತದೆ, ಅಂದರೆ ಇರುವ ಕ್ಯಾಲ್ಸಿಯಮ್ಮಿನಿಂದಲೇ ಹೆಚ್ಚು ಬಿಗಿತ ಬರುವಂತೆ ಮಾಡುತ್ತದೆ. ಗರ್ಭಕೋಶ ತಿಂಗಳುಗಟ್ಟಲೆ ಇದಕ್ಕೆ ಹೆಚ್ಚು ಕಿವಿಗೊಡದೆ ಇರುತ್ತದೆ. ಬಸುರಿಲ್ಲದಾಗ ಸುಮಾರು 70 ಗ್ರಾಂ ತೂಗುತ್ತಿದ್ದ ಅಂಗ ಬೆಳೆದು ಒಂದು ಕಿಲೋ ದಾಟುವವರೆಗೂ ಪ್ರೊಜೆಸ್ಟೆರಾನ್ ಎಂಬ ಹಾರ್ಮೋನು ಅದನ್ನು ಸುಮ್ಮನಿರಿಸುತ್ತದೆ. ದಿನ ತುಂಬುತ್ತ ಬಂದಂತೆ ಆಕ್ಸಿಟೋಸಿನ್ ಗ್ರಾಹಕಗಳು ಹಲವು ಪಟ್ಟು ಹೆಚ್ಚುತ್ತವೆ. ಕನೆಕ್ಸಿನ್ 43 ಎಂಬ ಪ್ರೋಟೀನಿನಿಂದಾದ ಕೊಂಡಿಗಳು ಕೋಶದಿಂದ ಕೋಶಕ್ಕೆ ಬೆಳೆದು, ಬಿಡಿಬಿಡಿಯಾಗಿ ಮಿಡಿಯುತ್ತಿದ್ದ ಕೋಶಗಳು ಒಟ್ಟಿಗೆ ಬಿಗಿಯತೊಡಗುತ್ತವೆ.

ಈಗ ಔಷಧಗಳಿಗೆ ಬರೋಣ. ನಿಫೆಡಿಪಿನ್ ನಿಮಗೆ ರಕ್ತದೊತ್ತಡದ ಮಾತ್ರೆಯೆಂದು ಪರಿಚಿತ. ಅದು ಎಲ್ ಬಗೆಯ ಕ್ಯಾಲ್ಸಿಯಂ ನಾಳಕ್ಕೆ ಅಂಟಿಕೊಂಡು ಅದು ತೆರೆಯದಂತೆ ಮಾಡುತ್ತದೆ. ಒಳಗೆ ಬರುವ ಕ್ಯಾಲ್ಸಿಯಂ ಕಡಿಮೆಯಾದರೆ ಕಾಲ್ಮೊಡ್ಯುಲಿನ್‌ಗೆ ಕೆಲಸವಿಲ್ಲ, ಕಿಣ್ವ ಏಳುವುದಿಲ್ಲ, ಮಯೋಸಿನ್ ಮೇಲೆ ಫಾಸ್ಫೇಟ್ ಕೂರುವುದಿಲ್ಲ, ಕೂತಿದ್ದನ್ನು ಫಾಸ್ಫಟೇಸ್ ಕಿತ್ತುಹಾಕುತ್ತದೆ. ಡ್ರಮ್ಮಿನ ಮೇಲೆ ಇದನ್ನು ನೋಡಿದರೆ ಅಲೆಗಳ ಎತ್ತರ ಒಂದೊಂದಾಗಿ ತಗ್ಗುತ್ತಾ ಹೋಗಿ ಗೆರೆ ಮಟ್ಟವಾಗುತ್ತದೆ. ರಕ್ತನಾಳದ ಗೋಡೆಯೂ ನಯಸ್ನಾಯುವೇ ಆದ್ದರಿಂದ ಮಾತ್ರೆ ನುಂಗಿದ ತಾಯಿಗೆ ಮುಖ ಬಿಸಿಯಾಗುವುದು, ತಲೆನೋವು, ಎದೆ ಹೊಡೆದುಕೊಳ್ಳುವುದು ಇವೆಲ್ಲ ಆಗಬಹುದು. ಬಿಪಿ ಮೊದಲೇ ಕಡಿಮೆಯಿರುವವಳಿಗೆ ಇದು ಅಪಾಯ. ಒಂದು ಕಾಲಕ್ಕೆ ಕ್ಯಾಪ್ಸೂಲನ್ನು ಸೂಜಿಯಿಂದ ಚುಚ್ಚಿ ನಾಲಿಗೆಯ ಕೆಳಗೆ ಹಿಂಡುವ ಪದ್ಧತಿಯಿತ್ತು. ಬಿಪಿ ಹಠಾತ್ತನೆ ಕುಸಿದರೆ ಮಾಸುವಿಗೆ ಹೋಗುವ ರಕ್ತವೂ ಕುಸಿಯುತ್ತದೆ. ಹಿರಿಯರು ಹಾಗೆ ಮಾಡುತ್ತಿದ್ದರೆಂದು ನೀವು ಮಾಡಬೇಡಿ. ವಿಶ್ವ ಆರೋಗ್ಯ ಸಂಸ್ಥೆ 2022ರ ತನ್ನ ಶಿಫಾರಸಿನಲ್ಲಿ ಅವಧಿಪೂರ್ವ ಹೆರಿಗೆಯನ್ನು ತಡೆಹಿಡಿಯಲು ಆರಿಸಿಕೊಂಡಿರುವುದು ನಿಫೆಡಿಪಿನ್ನನ್ನೇ. ಅಗ್ಗ, ಬಾಯಿಂದ ಕೊಡಬಹುದು, ಫ್ರಿಜ್ ಬೇಡ. ಇವು ಸಣ್ಣ ಅನುಕೂಲಗಳಲ್ಲ.

ನಮ್ಮ ದೇಶದ ಬಹಳಷ್ಟು ಹೆರಿಗೆ ಆಸ್ಪತ್ರೆಗಳಲ್ಲಿ ಇಂದಿಗೂ ಕಾಣುವುದು ಐಸಾಕ್ಸ್‌ಸುಪ್ರಿನ್. ಇದು ಕ್ಯಾಲ್ಸಿಯಂ ನಾಳವನ್ನು ನೇರವಾಗಿ ಮುಟ್ಟುವುದಿಲ್ಲ. ಕೋಶಪೊರೆಯ ಬೀಟಾ ಗ್ರಾಹಕದ ಮೇಲೆ ಕೂತು ಒಳಗೆ ಸೈಕ್ಲಿಕ್ ಎಎಂಪಿ ಎಂಬ ಸಂದೇಶವಾಹಕವನ್ನು ಹೆಚ್ಚಿಸುತ್ತದೆ. ಅದರಿಂದ ಎಚ್ಚೆತ್ತ ಇನ್ನೊಂದು ಕಿಣ್ವ ಕ್ಯಾಲ್ಸಿಯಮ್ಮನ್ನು ತಗ್ಗಿಸುವುದಲ್ಲದೆ ಮಯೋಸಿನ್ ಕೈನೇಸನ್ನೂ ಮಂದಗೊಳಿಸುತ್ತದೆ. ಆಸ್ತಮಾದವರ ಸಾಲ್ಬುಟಮಾಲ್ ಶ್ವಾಸನಾಳವನ್ನು ಸಡಿಲಿಸುವುದು ಇದೇ ದಾರಿಯಿಂದ. ತೊಂದರೆಯೆಂದರೆ ಬೀಟಾ ಗ್ರಾಹಕಗಳು ಹೃದಯದಲ್ಲೂ ಯಕೃತ್ತಿನಲ್ಲೂ ಕೈಕಾಲಿನ ಸ್ನಾಯುಗಳಲ್ಲೂ ಇವೆ. ನಾಡಿ ಓಡುತ್ತದೆ, ಕೈ ನಡುಗುತ್ತದೆ, ಸಕ್ಕರೆ ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ, ಡ್ರಿಪ್ ಹೆಚ್ಚಾಗಿ ಹರಿಸಿದ್ದರೆ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳಬಹುದು. ಅಮೆರಿಕದಲ್ಲಿ 1980ರಲ್ಲಿ ಒಪ್ಪಿಗೆ ಪಡೆದ ಇದೇ ಗುಂಪಿನ ರಿಟೊಡ್ರಿನ್ ಅಲ್ಲಿನ ಮಾರುಕಟ್ಟೆಯಲ್ಲಿ ಈಗ ಇಲ್ಲ. ಇದೇ ಗುಂಪಿನ ಟರ್ಬ್ಯುಟಲಿನ್ ಚುಚ್ಚುಮದ್ದನ್ನು ಎರಡು ಮೂರು ದಿನಗಳಾಚೆ ಬಳಸಬಾರದೆಂದು ಅಲ್ಲಿನ ಔಷಧ ನಿಯಂತ್ರಕರು 2011ರಲ್ಲಿ ಎಚ್ಚರಿಸಿದರು. ಒಂದೇ ಸಮನೆ ಕೊಡುತ್ತಾ ಹೋದರೆ ಗ್ರಾಹಕಗಳು ದಣಿದು ಸ್ಪಂದಿಸುವುದನ್ನು ನಿಲ್ಲಿಸುತ್ತವೆ ಎಂಬುದೂ ಗೊತ್ತಿರುವ ಸಂಗತಿ. ಇಷ್ಟಾಗಿಯೂ ಐದನೆಯ ತಿಂಗಳಿನಿಂದ ಹೆರಿಗೆಯವರೆಗೆ ದಿನಾ ಐಸಾಕ್ಸ್‌ಸುಪ್ರಿನ್ ಮಾತ್ರೆ ಬರೆದ ಚೀಟಿಗಳು ಕಾಣಸಿಗುತ್ತವೆ. ಇದನ್ನು ನಾನು ಒಪ್ಪಲಾರೆ. ಬೇನೆಯೇ ಬಂದಿಲ್ಲದ ಗರ್ಭಿಣಿಗೆ ತಿಂಗಳುಗಟ್ಟಲೆ ಎದೆ ಹೊಡೆದುಕೊಳ್ಳುವಂತೆ ಮಾಡಿ, ಹೆರಿಗೆ ಮುಂದಕ್ಕೆ ಹೋದದ್ದು ಮಾತ್ರೆಯಿಂದ ಎಂದುಕೊಳ್ಳುವುದು ವಿಜ್ಞಾನವಲ್ಲ.

ಅಟೊಸಿಬಾನ್ ಆಕ್ಸಿಟೋಸಿನ್ನಿನ ಗ್ರಾಹಕವನ್ನೇ ಆಕ್ರಮಿಸಿಕೊಳ್ಳುತ್ತದೆ. ಅಡ್ಡಪರಿಣಾಮ ಬಹಳ ಕಡಿಮೆ, ಬೆಲೆ ಬಹಳ ಹೆಚ್ಚು. ನೈಟ್ರೋಗ್ಲಿಸರಿನ್ ನೈಟ್ರಿಕ್ ಆಕ್ಸೈಡ್ ಬಿಡುಗಡೆ ಮಾಡಿ ಸೈಕ್ಲಿಕ್ ಜಿಎಂಪಿ ಎಂಬ ಇನ್ನೊಂದು ಸಂದೇಶವಾಹಕದ ದಾರಿಯಿಂದ ಸಡಿಲಿಸುತ್ತದೆ. ಹೆರಿಗೆಯ ನಂತರ ಗರ್ಭಕೋಶ ಒಳಹೊರಗಾಗಿ ತಿರುಗಿ ಬಂದಾಗ ಅದನ್ನು ಮರಳಿ ಕೂರಿಸಲು ಕೆಲವೇ ನಿಮಿಷಗಳ ಸಡಿಲಿಕೆ ಬೇಕಲ್ಲ, ಅಲ್ಲಿ ಇದರ ಉಪಯೋಗ. ಮೆಗ್ನೀಸಿಯಂ ಸಲ್ಫೇಟ್ ಕ್ಯಾಲ್ಸಿಯಮ್ಮಿಗೆ ಎದುರಾಳಿಯಾಗಿ ನಿಲ್ಲುತ್ತದೆಯಾದರೂ ಹೆರಿಗೆ ತಡೆಯುವ ಕೆಲಸದಲ್ಲಿ ಅದರ ಸಾಮರ್ಥ್ಯ ಸಾಬೀತಾಗಲಿಲ್ಲ. ಗರ್ಭಿಣಿಯ ಬಿಪಿ ಏರಿ ಬರುವ ನಂಜಿನ ಫಿಟ್ಸಿಗೆ ಅದೇ ಮೊದಲ ಔಷಧ. ತೀರ ಮುಂಚೆ ಹುಟ್ಟಲಿರುವ ಮಗುವಿನ ಮಿದುಳಿಗೂ ಅದು ರಕ್ಷಣೆ ಕೊಡುತ್ತದೆ. ಕೊಡುವಾಗ ಮೊಣಕಾಲಿನ ಪ್ರತಿವರ್ತನೆ, ಉಸಿರಾಟದ ಎಣಿಕೆ, ಮೂತ್ರದ ಪ್ರಮಾಣ ಮೂರನ್ನೂ ನೋಡುತ್ತಿರಬೇಕು, ಅದಕ್ಕೆ ಪ್ರತಿಮದ್ದಾದ ಕ್ಯಾಲ್ಸಿಯಂ ಗ್ಲುಕೊನೇಟ್ ಕೈಗೆಟಕುವಂತಿರಬೇಕು.

ಪ್ರೋಸ್ಟಗ್ಲಾಂಡಿನ್‌ಗಳ ವಿಷಯ ಇಲ್ಲಿ ಕುಳಿತಿರುವ ಹೆಚ್ಚಿನವರ ಅನುಭವಕ್ಕೇ ಸೇರಿದ್ದು. ಮುಟ್ಟಿನ ಹೊಟ್ಟೆನೋವು ಗರ್ಭಕೋಶದ ಒಳಪದರದಲ್ಲಿ ಹುಟ್ಟುವ ರಾಸಾಯನಿಕಗಳಾದ ಪ್ರೋಸ್ಟಗ್ಲಾಂಡಿನ್‌ಗಳಿಂದ ಸ್ನಾಯು ವಿಪರೀತ ಬಿಗಿದು, ಅದಕ್ಕೇ ರಕ್ತ ಸಾಲದೆ ಬರುವ ನೋವು. ಆಗ ನೀವು ಅಂಗಡಿಯಿಂದ ತರುವುದು ಬಹುಪಾಲು ಮೆಫೆನಾಮಿಕ್ ಆಸಿಡ್ ಮತ್ತು ಡೈಸೈಕ್ಲೊಮಿನ್ ಸೇರಿದ ಮಾತ್ರೆ. ಮೆಫೆನಾಮಿಕ್ ಆಸಿಡ್ ಮುಖ್ಯವಾಗಿ ಕೆಲಸ ಮಾಡುವುದು ಸ್ನಾಯುವಿನ ಮೇಲಲ್ಲ. ಪ್ರೋಸ್ಟಗ್ಲಾಂಡಿನ್ ತಯಾರಿಸುವ ಕಿಣ್ವವನ್ನು ತಡೆಯುತ್ತದೆ. ಆಸ್ಪಿರಿನ್ ಬಗೆಯ ಔಷಧಗಳು ಹೀಗೆ ಕೆಲಸ ಮಾಡುತ್ತವೆಂದು ಜಾನ್ ವೇನ್ ತೋರಿಸಿದ್ದು 1971ರಲ್ಲಿ. ಅದರ ಮುಖ್ಯ ಕೆಲಸ ಪ್ರೋಸ್ಟಗ್ಲಾಂಡಿನ್ ತಯಾರಾಗದಂತೆ ತಡೆಯುವುದಾದ್ದರಿಂದ ನೋವು ನೆತ್ತಿಗೇರುವ ತನಕ ಕಾಯದೆ ಆರಂಭದಲ್ಲೇ, ಊಟದ ನಂತರ ತೆಗೆದುಕೊಂಡರೆ ಗುಣ ಹೆಚ್ಚು. ಡೈಸೈಕ್ಲೊಮಿನ್ ಅಸಿಟೈಲ್‌ಕೋಲಿನ್ನಿನ ಇನ್ನೊಂದು ಬಗೆಯ ಗ್ರಾಹಕವನ್ನು ತಡೆಯುವ ಔಷಧ. ಕರುಳಿನ ಸೆಳೆತಕ್ಕೆ ಅದು ಹೊಂದುವಷ್ಟು ಗರ್ಭಕೋಶಕ್ಕೆ ಹೊಂದುವುದಿಲ್ಲ. ಮೆಫೆನಾಮಿಕ್ ಆಸಿಡ್‌ನಿಂದ ಅಪರೂಪಕ್ಕೆ ಜ್ವರ, ಮೈಮೇಲೆ ದದ್ದು, ಒಳಾಂಗಗಳ ತೊಂದರೆ ಕೂಡಿದ ಅಲರ್ಜಿ ಬರಬಹುದೆಂದು ಭಾರತೀಯ ಫಾರ್ಮಾಕೋಪಿಯಾ ಆಯೋಗ 2023ರಲ್ಲಿ ಎಚ್ಚರಿಕೆ ಹೊರಡಿಸಿತು. ಇದೇ ಗುಂಪಿನ ಇಂಡೊಮೆಥಾಸಿನ್ ಹೆರಿಗೆಯನ್ನೂ ತಡೆಹಿಡಿಯಬಲ್ಲದು, ಆದರೆ 32 ವಾರಗಳ ನಂತರ ಕೊಡುವುದಿಲ್ಲ. ಹೊಟ್ಟೆಯಲ್ಲಿರುವ ಮಗುವಿನ ಹೃದಯದ ಹತ್ತಿರ ತೆರೆದೇ ಇರಬೇಕಾದ ಡಕ್ಟಸ್ ಆರ್ಟೀರಿಯೋಸಸ್ ಎಂಬ ನಾಳ ಅಕಾಲದಲ್ಲಿ ಮುಚ್ಚಿಕೊಳ್ಳಬಹುದು.

ಲೇಬರ್ ವಾರ್ಡಿನಲ್ಲಿ ಗರ್ಭಕೋಶದ ಬಾಯಿ, ಅಂದರೆ ಗರ್ಭಕಂಠ, ಬೇಗ ತೆರೆಯಲಿ ಎಂದು ಸೆಳೆತ ಬಿಡಿಸುವ ಡ್ರೋಟಾವೆರಿನ್ ಅಥವಾ ಹಯೋಸಿನ್ ಕೊಡುವುದು ನಮ್ಮಲ್ಲಿ ದಿನನಿತ್ಯದ ಪದ್ಧತಿ. ಗರ್ಭಕಂಠದಲ್ಲಿ ಸ್ನಾಯುವಿನ ಪಾಲು ಕಡಿಮೆ, ಬಹುಪಾಲು ಕೊಲಾಜೆನ್ ನಾರು. ಅದು ಮೆತ್ತಗಾಗುವುದು ನಾರಿನ ರಚನೆ ಬದಲಾಗಿ. ಈ ಔಷಧಗಳಿಂದ ಹೆರಿಗೆಯ ಮೊದಲ ಹಂತ ಸ್ವಲ್ಪ ಚಿಕ್ಕದಾಯಿತೆಂದು ಹೇಳುವ ಅಧ್ಯಯನಗಳಿವೆಯಾದರೂ ಹೆರಿಗೆ ತಡವಾಗದಿರಲೆಂದು ಇವುಗಳನ್ನು ಕೊಡುವುದು ಬೇಡವೆಂದೇ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ.

ಗರ್ಭಕಂಠದ ಮಾತು ಬಂದದ್ದು ಒಳ್ಳೆಯದಾಯಿತು. ನಿಫೆಡಿಪಿನ್ ಇಷ್ಟು ನೇರವಾಗಿ ಸ್ನಾಯುವನ್ನು ಸಡಿಲಿಸುವುದಾದರೆ ಅವಧಿಪೂರ್ವ ಹೆರಿಗೆಯನ್ನು ಪೂರ್ತಿ ನಿಲ್ಲಿಸಬಹುದಲ್ಲ ಎಂದು ನೀವು ಕೇಳಬಹುದು. ಆಗುವುದಿಲ್ಲ. ಹೆರಿಗೆಯೆಂಬುದು ಸ್ನಾಯುವಿನ ಕೆಲಸ ಮಾತ್ರವಲ್ಲ. ಗರ್ಭಕಂಠ ಮೆತ್ತಗಾಗುವುದು, ನೀರಿನ ಚೀಲ ಸಡಿಲವಾಗುವುದು, ಎಷ್ಟೋ ಸಲ ಒಳಗೆ ಹೊಕ್ಕ ಸೋಂಕು, ಅದರಿಂದ ಹುಟ್ಟುವ ಉರಿಯೂತ ಇವು ಯಾವುವೂ ಕ್ಯಾಲ್ಸಿಯಂ ನಾಳ ಮುಚ್ಚಿದ ಮಾತ್ರಕ್ಕೆ ನಿಲ್ಲುವುದಿಲ್ಲ. ಆದ್ದರಿಂದ ಈ ಔಷಧಗಳಿಂದ ಸಾಮಾನ್ಯವಾಗಿ ನಿರೀಕ್ಷಿಸಬಹುದಾದದ್ದು ಸುಮಾರು 48 ಗಂಟೆಗಳ ತಡೆ. ಆ 48 ಗಂಟೆಗಳಲ್ಲಿ ಬೇರೇನೂ ಮಾಡದಿದ್ದರೆ ಮಗುವಿಗೆ ಸಿಗುವ ಲಾಭ ಅತ್ಯಲ್ಪ.

ಮಾಡಬೇಕಾದ ಮೊದಲ ಕೆಲಸ ಸ್ಟೀರಾಯ್ಡ್ ಚುಚ್ಚುಮದ್ದು. ಇದರ ಹಿಂದೆ ಒಂದು ಕಥೆಯಿದೆ. ನ್ಯೂಜಿಲೆಂಡಿನ ಗ್ರಹಾಂ ಲಿಗ್ಗಿನ್ಸ್ ಕುರಿಗಳಲ್ಲಿ ಹೆರಿಗೆ ಹೇಗೆ ಆರಂಭವಾಗುತ್ತದೆಂದು ಹುಡುಕುತ್ತಾ ಸ್ಟೀರಾಯ್ಡ್ ಕೊಟ್ಟಾಗ, ಬದುಕಲಾರದಷ್ಟು ಮುಂಚೆ ಹುಟ್ಟಿದ ಮರಿ ಉಸಿರಾಡುತ್ತಿರುವುದನ್ನು ಕಂಡರು. ಹುಡುಕಿದ್ದು ಒಂದು, ಸಿಕ್ಕಿದ್ದು ಇನ್ನೊಂದು. ಲಿಗ್ಗಿನ್ಸ್ ಮತ್ತು ರಾಸ್ ಹೋವಿ 1972ರಲ್ಲಿ ತಾಯಂದಿರಲ್ಲಿ ನಡೆಸಿದ ಪ್ರಯೋಗವನ್ನು ಪ್ರಕಟಿಸಿದರು. ಮಗುವಿನ ಶ್ವಾಸಕೋಶದ ಗಾಳಿಗೂಡುಗಳು ಒಂದಕ್ಕೊಂದು ಅಂಟಿಕೊಳ್ಳದಂತೆ ತಡೆಯುವ ಸರ್ಫ್ಯಾಕ್ಟೆಂಟ್ ಬೇಗ ತಯಾರಾಗುವಂತೆ ಸ್ಟೀರಾಯ್ಡ್ ಮಾಡುತ್ತದೆ, ಅದಕ್ಕೆ ಸಮಯ ಬೇಕು. 2014ರ ಕೇಂದ್ರ ಸರ್ಕಾರದ ಮಾರ್ಗಸೂಚಿ 24ರಿಂದ 34 ವಾರಗಳ ನಡುವೆ ಡೆಕ್ಸಾಮೆಥಾಸೋನ್ 6 ಮಿಲಿಗ್ರಾಂನಂತೆ 12 ಗಂಟೆಗೊಮ್ಮೆ ನಾಲ್ಕು ಬಾರಿ ಎಂದು ಹೇಳುತ್ತದೆ. ದೊಡ್ಡ ಆಸ್ಪತ್ರೆಗೆ ಕಳುಹಿಸುವ ಮುಂಚಿನ ಮೊದಲ ಚುಚ್ಚುಮದ್ದನ್ನು ಹಳ್ಳಿಯ ಆರೋಗ್ಯ ಸಹಾಯಕಿಯಾದ ಎಎನ್‌ಎಂ ಕೊಡಬಹುದೆಂಬುದೂ ಅದರಲ್ಲಿದೆ.

ಎರಡನೆಯ ಕೆಲಸ ಪ್ರಯಾಣ. ಪಾವಗಡದಿಂದ ಮಧುಗಿರಿ, ಕೊರಟಗೆರೆ ದಾಟಿ ತುಮಕೂರಿಗೆ ಬರಲು ನೂರು ಕಿಲೋಮೀಟರಿನಷ್ಟು ದಾರಿ. 30 ವಾರದ ಬಸುರಿ ಬೇನೆಯೊಂದಿಗೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬಂದಾಗ, ನವಜಾತ ಶಿಶುಗಳ ತೀವ್ರ ನಿಗಾ ಘಟಕ ಇರುವೆಡೆಗೆ ಮಗು ಹೊಟ್ಟೆಯಲ್ಲೇ ಪ್ರಯಾಣ ಮಾಡುವುದು ಅತ್ಯಂತ ಸುರಕ್ಷಿತ. ನಿಫೆಡಿಪಿನ್ನಿನ ಪ್ರಯೋಜನ ನಿಜವಾಗಿ ಕಾಣುವುದು 108 ಆಂಬುಲೆನ್ಸಿನ ಆ ದಾರಿಯಲ್ಲಿ. 2020ರಲ್ಲಿ ಭಾರತದಲ್ಲಿ ಅವಧಿಗೆ ಮುನ್ನ ಹುಟ್ಟಿದ ಮಕ್ಕಳ ಸಂಖ್ಯೆ ಸುಮಾರು 30 ಲಕ್ಷವೆಂಬ ಅಂದಾಜಿದೆ. ಅವರಲ್ಲಿ ಎಷ್ಟೋ ಮಕ್ಕಳು ಹುಟ್ಟುವುದು ಇಂಥ ದೂರದ ತಾಲ್ಲೂಕುಗಳಲ್ಲಿ.

ಎಲ್ಲ ಬೇನೆಯನ್ನೂ ತಡೆಯಬಾರದು. ಜ್ವರವಿದ್ದು ಸೋಂಕಿನ ಅನುಮಾನವಿದ್ದರೆ, ಮಾಸು ಕಳಚಿ ರಕ್ತ ಹೋಗುತ್ತಿದ್ದರೆ, ಬಿಪಿ ತೀವ್ರವಾಗಿ ಏರಿದ್ದರೆ, ಮಗು ಒಳಗೇ ತೀರಿಹೋಗಿದ್ದರೆ, ಗರ್ಭವನ್ನು ಮುಂದುವರಿಸುವುದೇ ಅಪಾಯ. ಅಲ್ಲಿ ಸಡಿಲಿಸುವ ಔಷಧಕ್ಕೆ ಜಾಗವಿಲ್ಲ.

ಸಡಿಲಿಕೆಯ ಇನ್ನೊಂದು ಮುಖ ಹೆರಿಗೆಯಾದ ಮೇಲೆ ಕಾಣುತ್ತದೆ. ದಿನ ತುಂಬಿದ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗಿಂತ ಹೆಚ್ಚು ರಕ್ತ ಹರಿಯುತ್ತಿರುತ್ತದೆ. ಮಾಸು ಬಿದ್ದ ಜಾಗದಲ್ಲಿ ಬಾಯ್ದೆರೆದ ರಕ್ತನಾಳಗಳನ್ನು ಅಡ್ಡಡ್ಡಲಾಗಿ ಹೆಣೆದುಕೊಂಡಿರುವ ಸ್ನಾಯುವಿನ ಎಳೆಗಳೇ ಬಿಗಿದು ಮುಚ್ಚಬೇಕು. ಮಗು ಹುಟ್ಟಿದೊಡನೆ ಸ್ನಾಯುವಿಗೆ 10 ಯೂನಿಟ್ ಆಕ್ಸಿಟೋಸಿನ್ ಕೊಡುವುದು ಇದಕ್ಕಾಗಿ. ಅಟ್ರಾಕ್ಯೂರಿಯಂ ಇಲ್ಲಿ ನಿರಪಾಯಕಾರಿ. ಆದರೆ ಅದೇ ಅರಿವಳಿಕೆಯಲ್ಲಿ ಉಸಿರಿನ ಮೂಲಕ ಕೊಡುವ ಸೆವೊಫ್ಲೂರೇನ್ ಪ್ರಮಾಣ ಹೆಚ್ಚಿದಂತೆಲ್ಲ ಗರ್ಭಕೋಶವನ್ನು ಸಡಿಲಿಸುತ್ತದೆ, ಆದ್ದರಿಂದ ಮಗು ಹೊರಬಂದ ನಂತರ ಅರಿವಳಿಕೆ ತಜ್ಞರು ಅದನ್ನು ತಗ್ಗಿಸುತ್ತಾರೆ. ದಾರಿಯಲ್ಲಿ ನಿಫೆಡಿಪಿನ್ ನುಂಗಿ ಬಂದು, ತಡೆ ಕೈಗೂಡದೆ, ತಲುಪಿದ ಗಂಟೆಯೊಳಗೆ ಹೆತ್ತವಳ ಗರ್ಭಕೋಶ ಗಟ್ಟಿಯಾಗಿದೆಯೇ ಎಂದು ಹೊಕ್ಕುಳಿನ ಬಳಿ ಕೈಯಿಟ್ಟು ಪದೇ ಪದೇ ನೋಡಬೇಕು.

ಅಲ್ಲಿನ ವೈದ್ಯರಿಗೆ ಇದು ಗೊತ್ತಾಗಬೇಕಾದರೆ ಕಳುಹಿಸಿದವರು ಬರೆದಿರಬೇಕು. ರೆಫರಲ್ ಚೀಟಿಯಲ್ಲಿ ‘ಚಿಕಿತ್ಸೆ ಕೊಟ್ಟು ಕಳುಹಿಸಲಾಗಿದೆ’ ಎಂದಷ್ಟೇ ಇದ್ದರೆ ಅವರು ಅದರ ಮೇಲೆ ಇನ್ನೊಂದು ಬಿಪಿ ಇಳಿಸುವ ಔಷಧವನ್ನೋ ಮೆಗ್ನೀಸಿಯಮ್ಮನ್ನೋ ಸೇರಿಸುವಾಗ ಕತ್ತಲಲ್ಲಿ ಕೈಯಾಡಿಸಿದಂತೆ ಆಗುತ್ತದೆ. ಯಾವ ಔಷಧ, ಎಷ್ಟು ಮಿಲಿಗ್ರಾಂ, ಎಷ್ಟು ಗಂಟೆಗೆ, ಕೊಟ್ಟಾಗ ಬಿಪಿ ಮತ್ತು ನಾಡಿ ಎಷ್ಟಿತ್ತು, ಡೆಕ್ಸಾಮೆಥಾಸೋನ್ ಮೊದಲ ಚುಚ್ಚುಮದ್ದು ಯಾವಾಗ ಆಯಿತು ಎಂಬುದನ್ನು ತಾಯಿ ಕಾರ್ಡಿನಲ್ಲೂ ಚೀಟಿಯಲ್ಲೂ ಎರಡೂ ಕಡೆ ಬರೆದು, ಆಂಬುಲೆನ್ಸಿನಲ್ಲಿ ಜೊತೆಗೆ ಹೋಗುವ ಆಶಾ ಕಾರ್ಯಕರ್ತೆಗೆ ಬಾಯಿಮಾತಿನಲ್ಲೂ ಹೇಳಿ ಕಳುಹಿಸಿರಿ.